ಔಟ್‌ಪುಟ್ 3.7 ವೋಲ್ಟ್‌ಗೇ ನಿಂತುಬಿಟ್ಟರೆ ತಪ್ಪು ಯಾರದ್ದು?

ಪ್ರಶ್ನೆ: ನನ್ನ ಪ್ರೆಶರ್ ಸೆನ್ಸರ್ 0.5ರಿಂದ 4.5 ವೋಲ್ಟ್ ಕೊಡುತ್ತದೆ. ಅದನ್ನು ಎಲ್‌ಎಂ358 ಆಪ್‌ಆ್ಯಂಪ್‌ನ (ಸಿಗ್ನಲ್ ವರ್ಧಿಸುವ ಐಸಿ) ಬಫರ್ ಮೂಲಕ, ಅಂದರೆ ಇನ್‌ಪುಟ್ ವೋಲ್ಟೇಜನ್ನು ಹಾಗೇ ಔಟ್‌ಪುಟ್‌ಗೆ ಕೊಡುವ ಸರ್ಕ್ಯೂಟ್ ಮೂಲಕ, ಮೈಕ್ರೋಕಂಟ್ರೋಲರ್‌ನ 10 ಬಿಟ್ ಎಡಿಸಿಗೆ (ವೋಲ್ಟೇಜನ್ನು ಅಂಕೆಯಾಗಿಸುವ ಭಾಗ) ಕೊಟ್ಟಿದ್ದೇನೆ. ಎಲ್ಲದಕ್ಕೂ 5 ವೋಲ್ಟ್ ಸಪ್ಲೈ. ಸೆನ್ಸರ್ 3.7 ದಾಟಿದ ಮೇಲೆ ಔಟ್‌ಪುಟ್ ಅಲ್ಲೇ ನಿಂತುಬಿಡುತ್ತದೆ. ಟಿಎಲ್072 ಹಾಕಿ ನೋಡಿದೆ, ಇನ್ನೂ ಕೆಟ್ಟಿತು. ಇನ್‌ಪುಟ್ ಕಡಿಮೆ ಇದ್ದಾಗ ಔಟ್‌ಪುಟ್ ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ಐಸಿಗಳು ಡೂಪ್ಲಿಕೇಟ್ ಇರಬಹುದಾ? ಯಾವ ಆಪ್‌ಆ್ಯಂಪ್ ತಗೊಳ್ಳಲಿ?

ಉತ್ತರ: ಐಸಿಗಳನ್ನು ಎಸೆಯಬೇಡಿ, ಎರಡೂ ಅಸಲಿಯೇ ಇರಬಹುದು. ಡೇಟಾಶೀಟ್‌ನಲ್ಲಿ ಬರೆದಂತೆಯೇ ನಡೆದುಕೊಂಡಿವೆ. ನಾನೂ ಒಮ್ಮೆ ಇದೇ ತೊಂದರೆಗೆ ಸಿಕ್ಕಿ, ಸೆನ್ಸರ್ ಮೇಲೆ ಅನುಮಾನಪಟ್ಟು ಎರಡು ಸೆನ್ಸರ್ ಬದಲಾಯಿಸಿದ್ದೆ.

ಡೇಟಾಶೀಟ್‌ನಲ್ಲಿ ‘ಇನ್‌ಪುಟ್ ಕಾಮನ್ ಮೋಡ್ ವೋಲ್ಟೇಜ್ ರೇಂಜ್’ ಅಂತ ಒಂದು ಸಾಲು ಇರುತ್ತದೆ. ಇನ್‌ಪುಟ್ ಪಿನ್‌ಗಳು ಎಷ್ಟು ವೋಲ್ಟ್‌ನಿಂದ ಎಷ್ಟು ವೋಲ್ಟ್‌ವರೆಗೆ ಇದ್ದರೆ ಆಪ್‌ಆ್ಯಂಪ್ ಸರಿಯಾಗಿ ಕೆಲಸ ಮಾಡುತ್ತದೆ ಅನ್ನುವುದು ಅಲ್ಲಿ ಸಿಗುತ್ತದೆ. ಎಲ್‌ಎಂ358ಗೆ ಅದು ಗ್ರೌಂಡ್‌ನಿಂದ ಶುರುವಾಗಿ, ಸಪ್ಲೈಗಿಂತ 1.5 ವೋಲ್ಟ್ ಕೆಳಗೆ ಮುಗಿಯುತ್ತದೆ. ಅಂದರೆ 5 ವೋಲ್ಟ್ ಸಪ್ಲೈಯಲ್ಲಿ 3.5 ವೋಲ್ಟ್. ಅದೂ 25 ಡಿಗ್ರಿಯಲ್ಲಿ. ಪೂರ್ತಿ ಉಷ್ಣಾಂಶದ ವ್ಯಾಪ್ತಿಗೆ ಲೆಕ್ಕ ಹಾಕಿದರೆ 3 ವೋಲ್ಟ್ ಅಷ್ಟೇ. ನಿಮಗೆ 3.7ರವರೆಗೆ ಸಿಕ್ಕಿದ್ದು ಆ ಚಿಪ್‌ನ ಒಳ್ಳೆಯತನ, ಗ್ಯಾರಂಟಿ ಅಲ್ಲ.

ಈ 1.5 ವೋಲ್ಟ್ ಎಲ್ಲಿಗೆ ಹೋಯಿತು? ಒಳಗೆ ಇನ್‌ಪುಟ್ ಕಡೆ ಪಿಎನ್‌ಪಿ ಟ್ರಾನ್ಸಿಸ್ಟರ್‌ಗಳಿವೆ. ಪಿನ್‌ನಿಂದ ಮೇಲಕ್ಕೆ ಹೋಗುವಾಗ ಎರಡು ಬೇಸ್-ಎಮಿಟರ್ ಜಂಕ್ಷನ್ ದಾಟಬೇಕು, ತಲಾ 0.6 ವೋಲ್ಟ್ ಸುಮಾರು. ಅದರ ಮೇಲೆ ಕರೆಂಟ್ ಸೋರ್ಸ್‌ಗೂ ಸ್ವಲ್ಪ ಜಾಗ ಬೇಕು. ಇನ್‌ಪುಟ್ ಮೇಲೇರಿದರೆ ಆ ಜಾಗ ಇಲ್ಲದಂತಾಗಿ ಕರೆಂಟೇ ನಿಲ್ಲುತ್ತದೆ. ಅದೇ ಪಿಎನ್‌ಪಿ ಜೋಡಣೆಯಿಂದಲೇ ಈ ಚಿಪ್ ಗ್ರೌಂಡ್‌ವರೆಗೂ ಇಳಿಯುತ್ತದೆ ನೋಡಿ.

ಟಿಎಲ್072ದು ಉಲ್ಟಾ ಕಥೆ. ಅದರ ಇನ್‌ಪುಟ್ ನೆಗೆಟಿವ್ ಸಪ್ಲೈಗಿಂತ 3-4 ವೋಲ್ಟ್ ಮೇಲೇ ಇರಬೇಕು. ನಿಮ್ಮ ನೆಗೆಟಿವ್ ಸಪ್ಲೈ ಗ್ರೌಂಡೇ ತಾನೆ? ಹಾಗಾಗಿ ಸೆನ್ಸರ್‌ನ 0.5 ವೋಲ್ಟ್ ಅದಕ್ಕೆ ತೀರಾ ಕೆಳಗಾಯಿತು. ಅಂಥ ಹೊತ್ತಿನಲ್ಲಿ ಅದರ ಔಟ್‌ಪುಟ್ ಉಲ್ಟಾ ಹೊಡೆಯುತ್ತದೆ. ‘ಫೇಸ್ ರಿವರ್ಸಲ್’ ಅನ್ನುವುದು ಇದಕ್ಕೇ. ಪ್ಲಸ್-ಮೈನಸ್ 15 ವೋಲ್ಟ್‌ನಲ್ಲಿ ಅದು ಒಳ್ಳೆಯ ಚಿಪ್, 5 ವೋಲ್ಟ್‌ಗೆ ಹೇಳಿ ಮಾಡಿಸಿದ್ದಲ್ಲ.

ಈ ಮಿತಿ ಅನ್ವಯಿಸುವುದು ಸಿಗ್ನಲ್‌ಗಲ್ಲ, ಪಿನ್‌ಗೆ. ಬಫರ್‌ನಲ್ಲಿ ಸಿಗ್ನಲ್ ಹೋದಲ್ಲೆಲ್ಲ ಎರಡೂ ಇನ್‌ಪುಟ್ ಪಿನ್ ಹೋಗುತ್ತವೆ, ಆದ್ದರಿಂದ ಇನ್‌ಪುಟ್ ರೇಂಜ್‌ಗೆ ಬಫರ್‌ನಷ್ಟು ಕಷ್ಟದ ಸರ್ಕ್ಯೂಟ್ ಇಲ್ಲ. 10 ಪಟ್ಟು ಗೇನ್ ಇರುವ ನಾನ್-ಇನ್ವರ್ಟಿಂಗ್ ಆಂಪ್ಲಿಫೈಯರ್ ಆದರೆ ಔಟ್‌ಪುಟ್ 4.5 ಇದ್ದಾಗ ಪಿನ್ ಮೇಲೆ ಬರೀ 0.45 ವೋಲ್ಟ್. ಇನ್ವರ್ಟಿಂಗ್ ಸರ್ಕ್ಯೂಟ್‌ನಲ್ಲಂತೂ ಪಿನ್‌ಗಳು ನೀವು ಕೊಟ್ಟ ರೆಫರೆನ್ಸ್‌ನಲ್ಲೇ ಕೂತಿರುತ್ತವೆ. ಇನ್ನು 24 ವೋಲ್ಟ್ ಲೈನ್‌ನಲ್ಲಿ ಕರೆಂಟ್ ಅಳೆಯುವವರು ಆಪ್‌ಆ್ಯಂಪ್ ಜೊತೆ ಗುದ್ದಾಡುವುದು ಬಿಟ್ಟು ಐಎನ್‌ಎ180 ಥರದ್ದನ್ನು ಹಾಕಲಿ. ಅದರ ಸಪ್ಲೈ ಎಷ್ಟೇ ಇರಲಿ, ಇನ್‌ಪುಟ್ 26 ವೋಲ್ಟ್‌ವರೆಗೆ ತಡೆಯುತ್ತದೆ.

ನಿಮ್ಮ ಕೆಲಸಕ್ಕೆ ಎಂಸಿಪಿ6002 ಸಾಕು. ಪಿನ್ ಜೋಡಣೆ ಎಲ್‌ಎಂ358ದೇ, ಅದೇ ಸಾಕೆಟ್‌ಗೆ ಕೂರುತ್ತದೆ. ಇನ್‌ಪುಟ್ ಎರಡೂ ಸಪ್ಲೈಗಿಂತ 0.3 ವೋಲ್ಟ್ ಆಚೆಗೂ ಹೋಗಬಹುದು. ಔಟ್‌ಪುಟ್ ಕೂಡ, ಲೋಡ್ ಹಗುರ ಇದ್ದರೆ, ಸಪ್ಲೈಯ ಹತ್ತಿರಕ್ಕೇ ಹೋಗುತ್ತದೆ. ಆದರೆ ಸಪ್ಲೈ 6 ವೋಲ್ಟ್ ಮೀರಬಾರದು. ಎಲ್‌ಎಂ358 ಅಭ್ಯಾಸದಲ್ಲಿ 12 ವೋಲ್ಟ್ ಕೊಟ್ಟರೆ ಚಿಪ್ ಕೈಕೊಡುತ್ತದೆ.

ಬೇರೆ ಚಿಪ್ ಹುಡುಕುವುದಾದರೆ ಮೊದಲ ಪುಟದ ‘ರೈಲ್ ಟು ರೈಲ್’ (ಒಂದು ಸಪ್ಲೈ ತುದಿಯಿಂದ ಇನ್ನೊಂದರವರೆಗೆ) ಅನ್ನುವ ದಪ್ಪಕ್ಷರ ನಂಬಿಕೊಂಡು ಕೊಳ್ಳಬೇಡಿ. ಎಷ್ಟೋ ಸಲ ಅದು ಔಟ್‌ಪುಟ್‌ಗೆ ಮಾತ್ರ. ಟಿಎಲ್‌ಸಿ2272ನ ಹೆಸರಿನ ಜೊತೆ ರೈಲ್ ಟು ರೈಲ್ ಇದೆ, ಆದರೆ 5 ವೋಲ್ಟ್‌ನಲ್ಲಿ ಅದರ ಇನ್‌ಪುಟ್ ಗ್ಯಾರಂಟಿ 4 ವೋಲ್ಟ್‌ವರೆಗೆ. ನಿಮ್ಮ 4.5ಕ್ಕೆ ಸಾಲದು, ಅಲ್ವಾ? ಇನ್‌ಪುಟ್ ಸಾಲು, ಔಟ್‌ಪುಟ್ ಸಾಲು ಎರಡನ್ನೂ ನೋಡಿ. ‘ಟಿಪಿಕಲ್’ ಕಾಲಂ ಬಿಟ್ಟು ಮಿನಿಮಮ್, ಮ್ಯಾಕ್ಸಿಮಮ್ ಕಾಲಂ ಓದಿ. ‘ಆಬ್ಸಲ್ಯೂಟ್ ಮ್ಯಾಕ್ಸಿಮಮ್’ ಪಟ್ಟಿಯೇ ಬೇರೆ. ಅದು ಚಿಪ್ ಸುಡದಿರುವ ಮಿತಿ, ಕೆಲಸ ಮಾಡುವ ಮಿತಿಯಲ್ಲ.

ಇನ್‌ಪುಟ್ಟೂ ರೈಲ್ ಟು ರೈಲ್ ಇರುವ ಚಿಪ್‌ಗಳಲ್ಲಿ ಸಾಮಾನ್ಯವಾಗಿ ಎರಡು ಇನ್‌ಪುಟ್ ಜೋಡಿಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಹೊರಳುವಲ್ಲಿ ಆಫ್‌ಸೆಟ್ (ಎರಡು ಇನ್‌ಪುಟ್‌ಗಳ ನಡುವೆ ಉಳಿಯುವ ಸಣ್ಣ ವೋಲ್ಟೇಜ್ ವ್ಯತ್ಯಾಸ) ಕೊಂಚ ಕದಲುತ್ತದೆ. ಒಳ್ಳೆಯ ಆಡಿಯೋದಲ್ಲಿ, 16 ಬಿಟ್ ಅಳತೆಯಲ್ಲಿ ಇದು ತಲೆನೋವು. ನಿಮ್ಮ 10 ಬಿಟ್ ಎಡಿಸಿಯ ಒಂದು ಮೆಟ್ಟಿಲೇ ಸುಮಾರು 4.9 ಮಿಲಿವೋಲ್ಟ್, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಹೊಸ ಚಿಪ್ ಹಾಕಿದ ಮೇಲೆ ಸೆನ್ಸರ್ ಬದಲು ಒಂದು ಪಾಟ್ (ತಿರುಗಿಸಿ ವೋಲ್ಟೇಜ್ ಬದಲಿಸುವ ರೆಸಿಸ್ಟರ್) ಜೋಡಿಸಿ. ಒಂದು ಮೀಟರ್ ಇನ್‌ಪುಟ್‌ಗೆ, ಇನ್ನೊಂದು ಔಟ್‌ಪುಟ್‌ಗೆ. ನಿಧಾನಕ್ಕೆ ತಿರುಗಿಸುತ್ತಾ ಎರಡೂ ಎಲ್ಲಿ ಬೇರೆಯಾಗುತ್ತವೆ ನೋಡಿ. 0.5ರಿಂದ 4.5ರವರೆಗೆ ಜೊತೆಯಾಗಿ ಹೋದರೆ ಸೆನ್ಸರ್ ವಾಪಸ್ ಜೋಡಿಸಿ. ಮುಂದೆ ಸೆನ್ಸರ್‌ಗೆ ಬೇರೆ ಸಪ್ಲೈ ಕೊಡುವುದಿದ್ದರೆ ಇನ್‌ಪುಟ್‌ಗೆ 10 ಕಿಲೋಓಮ್ ಸೀರೀಸ್‌ನಲ್ಲಿ ಹಾಕಿ. ಇಲ್ಲದಿದ್ದರೆ ಆಪ್‌ಆ್ಯಂಪ್ ಆಫ್ ಇರುವಾಗ ಸೆನ್ಸರ್‌ನ ಕರೆಂಟ್ ಅದರ ಇನ್‌ಪುಟ್ ಡಯೋಡ್‌ಗಳ ಮೂಲಕ ನುಗ್ಗುತ್ತದೆ.