‘ಹುರುಳಿಲ್ಲ’ ಎಂದು ವಕೀಲರು ಮೇಲ್ಮನವಿ ಕೈಬಿಡಬಹುದೇ?

ಪ್ರಶ್ನೆ: ಕೊಲೆ ಪ್ರಕರಣದಲ್ಲಿ ಕೊಪ್ಪಳದ ಸೆಷನ್ಸ್ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿದ್ದರಿಂದ ನನ್ನ ತಮ್ಮ ಬಳ್ಳಾರಿ ಕೇಂದ್ರ ಕಾರಾಗೃಹದಲ್ಲಿದ್ದಾನೆ. ಧಾರವಾಡ ಪೀಠದಲ್ಲಿರುವ ಆತನ ಮೇಲ್ಮನವಿಗೆ ಕಾನೂನು ಸೇವಾ ಸಮಿತಿ ನೇಮಿಸಿದ ವಕೀಲರು, ಇದರಲ್ಲಿ ಹುರುಳಿಲ್ಲ, ನಾನು ಈ ಪ್ರಕರಣದಿಂದ ಹಿಂದೆ ಸರಿಯುತ್ತೇನೆ, ಮನವಿ ವಾಪಸು ಪಡೆಯಿರಿ ಎನ್ನುತ್ತಿದ್ದಾರೆ. ಏನು ಮಾಡಬೇಕು?
– ಓದುಗರು, ಗಂಗಾವತಿ

ಉತ್ತರ: ಮೇಲ್ಮನವಿ ವಾಪಸು ಪಡೆಯುವ ಯಾವ ಕಾಗದಕ್ಕೂ ನಿಮ್ಮ ತಮ್ಮ ಈಗ ಸಹಿ ಹಾಕದಿರಲಿ. ವಕೀಲರು ಹೇಳಿದ್ದು ಅವರ ಅಭಿಪ್ರಾಯ. ಮೇಲ್ಮನವಿಯಲ್ಲಿ ಹುರುಳಿದೆಯೇ ಇಲ್ಲವೇ ಎಂದು ತೀರ್ಮಾನಿಸಬೇಕಾದದ್ದು ಉಚ್ಚ ನ್ಯಾಯಾಲಯ. ವಕೀಲರು ಗೈರುಹಾಜರಾದ ಮಾತ್ರಕ್ಕೆ ಕ್ರಿಮಿನಲ್ ಮೇಲ್ಮನವಿಯನ್ನು ವಜಾ ಮಾಡಲಾಗದು, ಕಡತವನ್ನೂ ಕೆಳ ನ್ಯಾಯಾಲಯದ ತೀರ್ಪನ್ನೂ ಪರಿಶೀಲಿಸಿ ಗುಣಾವಗುಣಗಳ ಮೇಲೆಯೇ ತೀರ್ಮಾನಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಬಾನಿ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ವಕೀಲರು ಪ್ರಕರಣ ಬಿಡಲೇಬಾರದು ಎಂದಿಲ್ಲ. ಆದರೆ ಒಪ್ಪಿಕೊಂಡ ಪ್ರಕರಣದಿಂದ ಸಾಕಷ್ಟು ಕಾರಣವಿಲ್ಲದೆ, ಕಕ್ಷಿದಾರರಿಗೆ ಮುಂಚಿತವಾಗಿ ತಿಳಿಸದೆ ಹಿಂದೆ ಸರಿಯಬಾರದೆಂದು ವಕೀಲರ ಪರಿಷತ್ತಿನ ನಿಯಮಗಳೇ ಹೇಳುತ್ತವೆ. ಅಮೆರಿಕದಲ್ಲಿ ಇದೇ ಪ್ರಶ್ನೆ 1967ರ ಆಂಡರ್ಸ್ ಪ್ರಕರಣದಲ್ಲಿ ಎದ್ದಿತ್ತು. ಹುರುಳಿಲ್ಲವೆಂಬ ಬರೀ ಒಂದು ಪತ್ರ ಸಾಲದು, ಮೇಲ್ಮನವಿಗೆ ನೆರವಾಗಬಹುದಾದ ಅಂಶ ಕಡತದಲ್ಲಿ ಏನಿದ್ದರೂ ವಕೀಲರು ಅದನ್ನು ಲಿಖಿತವಾಗಿ ತೋರಿಸಿ ಕಕ್ಷಿದಾರನಿಗೂ ಪ್ರತಿ ಕೊಡಬೇಕು, ಅನಂತರ ನ್ಯಾಯಾಲಯ ತಾನೇ ಇಡೀ ಕಡತವನ್ನು ಪರಿಶೀಲಿಸಬೇಕು ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಬಡವನ ವಕೀಲರಿಂದ ಅಷ್ಟು ಶ್ರಮವನ್ನು ನಿರೀಕ್ಷಿಸುವುದು ಅತಿಯಾಸೆಯಲ್ಲ ಎಂದೇ ನನ್ನ ದೃಢವಾದ ನಂಬಿಕೆ.

ಇನ್ನೊಂದು ಮಾತನ್ನು ವಕೀಲರ ಬಳಿ ಕೇಳಲೇಬೇಕು. ಅಪರಾಧವೇ ನಡೆದಿಲ್ಲವೆಂದು ವಾದಿಸಲು ಆಧಾರವಿಲ್ಲದಿರಬಹುದು. ಆದರೆ ಅದು ಕೊಲೆಯೋ, ಕೊಲೆಯೆನಿಸದ ನರಹತ್ಯೆಯೋ ಎಂಬ ಪ್ರಶ್ನೆಯನ್ನು ಅವರು ನೋಡಿದ್ದಾರೆಯೇ? ಜಗಳದ ಆವೇಶದಲ್ಲಿ, ಪೂರ್ವಯೋಜನೆಯಿಲ್ಲದೆ ನಡೆದ ಕೃತ್ಯವಾಗಿದ್ದರೆ ಕಲಮು ಬದಲಾಗಿ ಶಿಕ್ಷೆಯೂ ಇಳಿಯಬಹುದು.

ಅವರು ಹೋಗುವುದೇ ಖಚಿತವಾದರೆ, ಬೇರೆ ವಕೀಲರನ್ನು ನೇಮಿಸಬೇಕೆಂದು ನಿಮ್ಮ ತಮ್ಮ ಕಾರಾಗೃಹದ ಅಧೀಕ್ಷಕರ ಮೂಲಕ ಧಾರವಾಡದ ಉಚ್ಚ ನ್ಯಾಯಾಲಯ ಕಾನೂನು ಸೇವಾ ಸಮಿತಿಗೆ ಅರ್ಜಿ ಬರೆಯಲಿ. ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಉಚಿತ ನೆರವಿನ ಹಕ್ಕಿದೆ. ನೀವು ಕೊಪ್ಪಳದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಬಹುದು, 15100 ಸಹಾಯವಾಣಿಗೂ ಕರೆ ಮಾಡಬಹುದು. ಹಳೆಯ ವಕೀಲರಿಂದ ಕಡತದ ಪ್ರತಿಗಳನ್ನು ಕೇಳಿ ಪಡೆದುಕೊಳ್ಳಲು ಮರೆಯಬೇಡಿ.