ಮಾತ್ರೆ ಕೊಳ್ಳಬೇಕೋ, ಎಣಿಸುವವರನ್ನು ನೇಮಿಸಬೇಕೋ?

ಯಲಹಂಕದ ಓದುಗರೊಬ್ಬರ ಪತ್ರ: "ನಮ್ಮ ಬಡಾವಣೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ತಿಂಗಳ ನಡುವೆಯೇ ಖಾಲಿ. ಕಂಪ್ಯೂಟರ್ ಇದೆ, ಫ್ರಿಜ್ ಇದೆ. ನೀವು ನೋಡಿದರೆ ಔಷಧ ಉಗ್ರಾಣದ ಸಿಬ್ಬಂದಿಗೆ ಹುದ್ದೆ, ತರಬೇತಿ ಎನ್ನುತ್ತೀರಿ. ಆ ದುಡ್ಡಿಗೆ ಮಾತ್ರೆಯನ್ನೇ ತರಿಸಬಾರದೇ?"

ಸಂಪಾದಕರ ಉತ್ತರ:

ಅನುದಾನ ಸಾಲದೆ, ಟೆಂಡರ್ ತಡವಾಗಿ ಮಾತ್ರೆ ಬಾರದಿರುವುದು ಉಂಟು. ಅದನ್ನು ಫಾರ್ಮಸಿಸ್ಟರ ತಲೆಗೆ ಕಟ್ಟುವಂತಿಲ್ಲ. ಆದರೆ ಪ್ರತಿ ತಿಂಗಳೂ ಹೆಚ್ಚುಕಡಿಮೆ ಅದೇ ತಾರೀಖಿಗೆ ಖಾಲಿಯಾಗುತ್ತಿದ್ದರೆ ಮೊದಲು ತೆರೆಯಬೇಕಾದ್ದು ಇಂಡೆಂಟ್ ಪುಸ್ತಕ, ಅಂದರೆ ಇಷ್ಟಿಷ್ಟು ಔಷಧ ಬೇಕೆಂದು ಮೇಲಿನವರಿಗೆ ಬರೆದು ಕೇಳುವ ಪುಸ್ತಕ.

ಒಂದು ಲೆಕ್ಕ ನೋಡಿ. ಕೇಂದ್ರವೊಂದರಲ್ಲಿ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ 500 ಮಿ.ಗ್ರಾಂ ಮಾತ್ರೆ ತಿಂಗಳಿಗೆ 900 ಖರ್ಚಾಗಿದೆ ಎನ್ನಿ. ಅದೇ ತಿಂಗಳಲ್ಲಿ 12 ದಿನ ಸ್ಟಾಕ್ ಇರಲಿಲ್ಲ. ಅಂದರೆ 900 ಹೋದದ್ದು 18 ದಿನಗಳಲ್ಲಿ, ದಿನಕ್ಕೆ 50. ನಿಜವಾದ ಬೇಡಿಕೆ 1,500. ಮೂರು ತಿಂಗಳಿಗೊಮ್ಮೆ ಇಂಡೆಂಟ್, ಮಾಲು ಬರಲು ಒಂದು ತಿಂಗಳು, ಆಪತ್ತಿಗೆ ಇನ್ನೊಂದು ತಿಂಗಳು ಎಂದಿಟ್ಟುಕೊಂಡರೆ ಐದು ತಿಂಗಳಿಗೆ 7,500 ಬೇಕು. ಕೈಯಲ್ಲಿರುವ 600 ಕಳೆದು 6,900 ಕೇಳಬೇಕು. ರಿಜಿಸ್ಟರಿನ 900ನ್ನೇ ಹಿಡಿದವರು ಕೇಳುವುದು 3,900. ಮೇಲಿನವರು ಕೇಳಿದ್ದಷ್ಟನ್ನೂ ಕಳಿಸಿದರೂ ಕೊರತೆ ತಪ್ಪದು, ಮುಂದಿನ ಇಂಡೆಂಟಿಗೂ ಅದೇ ತಪ್ಪು ಅಂಕಿ ಆಧಾರವಾಗುತ್ತದೆ. ಖಾಲಿ ಇದ್ದ ದಿನಗಳನ್ನು ಯಾರೂ ಬರೆದಿಡದಿದ್ದರೆ ಕಂಪ್ಯೂಟರೂ ಇದನ್ನೇ ಕೂಡಿ ಕಳೆದು ಕೊಡುತ್ತದೆ. ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಡೆಂಗಿ ಏರುವುದು ಗೊತ್ತಿದ್ದೂ ಬೇಸಿಗೆಯ ಸರಾಸರಿಯಲ್ಲಿ ಪ್ಯಾರಾಸಿಟಮಾಲ್, ಓಆರ್‌ಎಸ್ ತರಿಸುವುದೂ ಇದೇ ಜಾತಿಯ ತಪ್ಪು.

ಇದೆಲ್ಲ ದಡ್ಡತನದಿಂದ ಆಗುವುದಲ್ಲ. ಕಿಟಕಿಯಲ್ಲಿ ಮಾತ್ರೆ ಕೊಡುವವರು, ಸ್ಟಾಕ್ ಬರೆಯುವವರು, ವರದಿ ಕಳಿಸುವವರು ಒಬ್ಬರೇ. ನಡುವೆ ವಾರಕ್ಕೆರಡು ದಿನ ಬೇರೆಡೆಗೆ ನಿಯೋಜನೆ ಬೇರೆ. ಲೋಡ್ ಬಂದಾಗ ಹೊಸ ಪೆಟ್ಟಿಗೆಗಳನ್ನು ಹಿಂದಿಟ್ಟು, ಮೊದಲು ಅವಧಿ ಮುಗಿಯುವುದನ್ನು ಮುಂದಕ್ಕೆ ತರಬೇಕು. ಎತ್ತಿಡಲು ಇನ್ನೊಂದು ಜೊತೆ ಕೈ ಇಲ್ಲದಿದ್ದರೆ ಹೊಸದು ಮುಂದೆಯೇ ಉಳಿಯುತ್ತದೆ, ಹಳೆಯದು ಗೋಡೆಬದಿಯಲ್ಲಿ ಎಕ್ಸ್‌ಪೈರಿ ಆಗುತ್ತದೆ. ಅತ್ತ ಕೊರತೆ, ಇತ್ತ ಕಸ, ಒಂದೇ ಕೋಣೆಯಲ್ಲಿ.

ನೀವು ಹೇಳಿದ ಫ್ರಿಜ್‌ಗೆ ಬರೋಣ. ಲಸಿಕೆ ಇಡುವ ಫ್ರಿಜ್ (ಐಎಲ್‌ಆರ್) 2ರಿಂದ 8 ಡಿಗ್ರಿಯಲ್ಲಿರಬೇಕು, ದಿನಕ್ಕೆರಡು ಸಲ ತಾಪ ಬರೆಯಬೇಕು. ಬಿಸಿಗೆ ಎಲ್ಲರೂ ಹೆದರುತ್ತಾರೆ, ಆದರೆ ಪೆಂಟಾವೇಲೆಂಟ್ (ಐದು ರೋಗಗಳ ವಿರುದ್ಧದ ಲಸಿಕೆ), ಹೆಪಟೈಟಿಸ್ ಬಿ, ಟಿಡಿ (ಧನುರ್ವಾಯು, ಡಿಫ್ತೀರಿಯಾ) ಲಸಿಕೆಗಳನ್ನು ಬೇಗ ಹಾಳುಮಾಡುವುದು ಹೆಪ್ಪುಗಟ್ಟುವಿಕೆ. ಡೀಪ್ ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ನೇರ ಲಸಿಕೆ ಒಯ್ಯುವ ಕ್ಯಾರಿಯರಿಗೆ ಹಾಕಿದರೆ ಸಾಕು, ಲಸಿಕೆ ಹೆಪ್ಪುಗಟ್ಟಬಹುದು. ಪ್ಯಾಕನ್ನು ಮೇಜಿನ ಮೇಲಿಟ್ಟು, ಮೈ ಬೆವರಿ, ಅಲುಗಿಸಿದಾಗ ಒಳಗೆ ನೀರಿನ ಸದ್ದು ಬಂದ ಮೇಲೆ ಹಾಕಬೇಕು. ಬೆಳಗಿನ ಅವಸರದಲ್ಲಿ ಬಿಟ್ಟುಹೋಗುವುದು ಇದೇ. ಲಸಿಕೆಯ ಸೀಸೆಯ ಮೇಲಿನ, ಬಣ್ಣ ಬದಲಾಗುವ ವಿವಿಎಂ ಗುರುತು ಬಿಸಿ ತಗುಲಿದ್ದನ್ನು ಮಾತ್ರ ತೋರಿಸುತ್ತದೆ, ಹೆಪ್ಪುಗಟ್ಟಿದ್ದನ್ನಲ್ಲ. ಹಾಳಾದ ಲಸಿಕೆಯನ್ನು ಮಗುವಿಗೆ ಹಾಕಿದರೂ ಗೊತ್ತಾಗದು.

ಹಾಗಾದರೆ ದುಡ್ಡು ಎಲ್ಲಿಗೆ ಹೋಗಬೇಕು? ಹೋಟೆಲ್ ಹಾಲಿನಲ್ಲಿ ಎರಡು ದಿನದ ತರಬೇತಿ, ಊಟ, ಪ್ರಮಾಣಪತ್ರಕ್ಕಂತೂ ಬೇಡ. ಅಲ್ಲಿ ನಿಮ್ಮ ಸಿಟ್ಟು ಸರಿಯೇ. ಮೊದಲು ಖಾಲಿ ಹುದ್ದೆ ತುಂಬಲಿ. ರಜೆಗೆ ಹೋದಾಗ ಕೆಲಸ ಬಲ್ಲ ಬದಲಿಯೊಬ್ಬರಿರಲಿ. ಆಮೇಲೆ ತಿಂಗಳಿಗೊಮ್ಮೆ ಮೇಲ್ವಿಚಾರಕರು ಕೇಂದ್ರಕ್ಕೇ ಬಂದು ಹತ್ತು ಔಷಧ ಆರಿಸಿ, ಕಪಾಟಿನ ಎಣಿಕೆ, ರಿಜಿಸ್ಟರು, ಕಂಪ್ಯೂಟರು ಮೂರನ್ನೂ ತಾಳೆ ನೋಡಿ, ವ್ಯತ್ಯಾಸ ಬಂದರೆ ಕಾರಣವನ್ನು ಅಲ್ಲೇ ಕೂತು ಹುಡುಕಲಿ. ಮೆಮೋ ಕೊಡಲು ಬರುವವರಾದರೆ ಬರುವುದೇ ಬೇಡ. ಹೆದರಿದವರು ಅಂಕಿ ತಿದ್ದುತ್ತಾರೆ.

ನಿಮ್ಮ ಕೇಂದ್ರದ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರಿಗೆ ಮೂರು ಪ್ರಶ್ನೆ ಕಳಿಸಿ: ಕಳೆದ ಮೂರು ತಿಂಗಳಲ್ಲಿ ಯಾವ ಮಾತ್ರೆ ಎಷ್ಟು ದಿನ ಇರಲಿಲ್ಲ, ಫಾರ್ಮಸಿಸ್ಟ್ ಹುದ್ದೆ ಭರ್ತಿಯಾಗಿದೆಯೇ, ಅವರು ರಜೆಯಲ್ಲಿದ್ದಾಗ ಉಗ್ರಾಣದ ಬೀಗದಕೈ ಯಾರ ಬಳಿ ಇರುತ್ತದೆ. ಬಂದ ಉತ್ತರವನ್ನು ನಮಗೂ ಬರೆದು ತಿಳಿಸಿ.