ರಿಪೋರ್ಟಿನಲ್ಲಿ ಬಂದ ಮೇಲೆ ನಂಬಿದರು

(ಗುರುತು ಸಿಗದಂತೆ ಹೆಸರು ಮತ್ತು ಮನೆಯ ವಿವರ ಬದಲಿಸಿದ್ದೇನೆ.)

ಸಾಗರದ ಕಡೆಯ ಅಡಿಕೆ ತೋಟದ ಮನೆ. ಆಕೆಯನ್ನು ಸರೋಜಾ ಅನ್ನೋಣ, ವಯಸ್ಸು ನಲವತ್ತರ ಆಸುಪಾಸು. ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ಸೇರದು, ಯಾರಾದರೂ ಮಾತಾಡಿಸಿದರೆ ಅಳು. ಸುಗ್ಗಿಯಲ್ಲಿ ನಡುರಾತ್ರಿವರೆಗೂ ಅಡಿಕೆ ಸುಲಿಯುತ್ತಿದ್ದವರು ಈಗ ಮೆಟ್ಟುಗತ್ತಿಯ ಮುಂದೆ ಒಂದೇ ಕಾಯಿ ಹಿಡಿದು ಕೂತುಬಿಡುತ್ತಾರೆ ಎಂದು ಗಂಡ ಹೇಳಿದರು, ಅದೂ ದೂರಿನ ಧಾಟಿಯಲ್ಲಿ. "ಥೈರಾಯ್ಡ್ ನಾರ್ಮಲ್, ಶುಗರ್ ನಾರ್ಮಲ್. ರಕ್ತದಲ್ಲಿ ಏನೂ ಇಲ್ಲ ಅಂದ್ಮೇಲೆ ಸೋಮಾರಿತನ ಅಲ್ದೆ ಮತ್ತೇನು ಮೇಡಂ?"

ಮನೋವೈದ್ಯರು ಖಿನ್ನತೆ ಎಂದು ಗುರುತಿಸಿ ಎಸ್ಸಿಟಲೋಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಬರೆದರು. ಅಷ್ಟರಲ್ಲಿ ಬೆಂಗಳೂರಿನಿಂದ ಬಂದ ಗಂಡನ ಅಣ್ಣನ ಮಗ ಯಾವುದೋ ಪ್ಯಾಕೇಜ್ ಟೆಸ್ಟ್ ಮಾಡಿಸಿದ್ದ. ಅದರಲ್ಲಿ 'ಆಕ್ಸಿಡೇಟಿವ್ ಸ್ಟ್ರೆಸ್' ಅಂತ ಒಂದು ಪುಟ. ಮ್ಯಾಲೊಂಡಯಾಲ್ಡಿಹೈಡ್ ಎದುರು ಕೆಂಪು ಬಾಣ, 'ಹೈ'. ಆ ಬಾಣ ನೋಡಿದ್ದೇ ತಡ, ಗಂಡ ಸುಲಿಯಲಿಕ್ಕೆ ಆಳು ಗೊತ್ತು ಮಾಡಿದರಂತೆ. ಸರೋಜಾ ಬಾಯಿಬಿಟ್ಟು ಹೇಳಿದ್ದಕ್ಕೆ ಸಿಗದ ಬೆಲೆ ಒಂದು ಕಾಗದಕ್ಕೆ ಸಿಕ್ಕಿತು. ನನಗೆ ಸಿಟ್ಟೂ ಬಂತು, ಸದ್ಯ ನಂಬಿದರಲ್ಲ ಅಂತಲೂ ಅನಿಸಿತು.

ಆದರೆ ಕಾಗದ ಇನ್ನೊಂದು ಅನಾಹುತಕ್ಕೂ ದಾರಿ ಮಾಡಿತ್ತು. ವಾಕರಿಕೆ ಬರುತ್ತದೆಂದು ಮಾತ್ರೆ ನಿಲ್ಲಿಸಿ, ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ಕೊಟ್ಟು, ತಿಂಗಳಿಗೊಮ್ಮೆ ಅದೇ ಪರೀಕ್ಷೆ ಮಾಡಿಸುವ ಯೋಚನೆ ಗಂಡನದ್ದು.

ನಾನು ವಿವರಿಸಿದ್ದಿಷ್ಟು. ಜೀವಕೋಶ ಆಮ್ಲಜನಕ ಬಳಸುವಾಗ ಹುಟ್ಟುವ ಉಗ್ರ ಅಣುಗಳನ್ನು ಗ್ಲುಟಥಯೋನ್‌ನಂಥ ಆಂಟಿಆಕ್ಸಿಡೆಂಟುಗಳು ತಣ್ಣಗಾಗಿಸುತ್ತವೆ. ಅದು ಸಾಲದಾದ ಸ್ಥಿತಿಯೇ ಆಕ್ಸಿಡೇಟಿವ್ ಸ್ಟ್ರೆಸ್, ಅದರಲ್ಲಿ ಜೀವಕೋಶದ ಕೊಬ್ಬಿನ ಪೊರೆ ಕೆಡುತ್ತದೆ. ಆಗ ಉಳಿಯುವ ಚೂರೇ ಮ್ಯಾಲೊಂಡಯಾಲ್ಡಿಹೈಡ್. ಖಿನ್ನತೆ ಇರುವವರ ಗುಂಪಿನಲ್ಲಿ ಅದರ ಸರಾಸರಿ ಹೆಚ್ಚಿರುವುದು, ಚಿಕಿತ್ಸೆಯ ನಂತರ ಇಳಿಯುವುದು ಅಧ್ಯಯನಗಳಲ್ಲಿ ಕಂಡಿದೆ ನಿಜ. ಆದರೆ ಹೊಗೆಸೊಪ್ಪು, ಸಕ್ಕರೆ ಕಾಯಿಲೆ, ಬೊಜ್ಜು, ಸೋಂಕು ಯಾವುದರಿಂದಲೂ ಅದು ಏರಬಹುದು. ಸರೋಜಾ ಅವರ ಎಲೆಅಡಿಕೆಯ ಕವಳದಲ್ಲಿ ಹೊಗೆಸೊಪ್ಪು ಇದ್ದೇ ಇರುತ್ತದೆ. ಇಷ್ಟು ದಾಟಿದರೆ ಖಿನ್ನತೆ ಎನ್ನುವ ಗೆರೆ ಅದಕ್ಕಿಲ್ಲ. "ಶಿವಮೊಗ್ಗ ಮಂಡಿಯಲ್ಲಿ ರಾಶಿ ಅಡಿಕೆಯ ಸರಾಸರಿ ಧಾರಣೆ ಏರಿತು ಅಂದ್ರೆ ನಿಮ್ಮ ಮೂಟೆಗೆ ಎಷ್ಟು ಸಿಕ್ತು ಅಂತ ಗೊತ್ತಾಗುತ್ತಾ?" ಎಂದೆ. ಗಂಡ ನಕ್ಕರು.

ವಾಕರಿಕೆ ಸಾಮಾನ್ಯವಾಗಿ ಮೊದಲ ಒಂದೆರಡು ವಾರದ್ದು, ಊಟವಾದ ಮೇಲೆ ಮಾತ್ರೆ ತಗೊಳ್ಳಿ, ತಡೆಯದಿದ್ದರೆ ವೈದ್ಯರಿಗೇ ಹೇಳಿ. ಮನಸ್ಸು ಹಗುರಾಗಲು 2ರಿಂದ 4 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಗುಣವಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕು. ನಿಲ್ಲಿಸುವಾಗ ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಕ್ಯಾಪ್ಸೂಲ್ ಮಾತ್ರೆಯ ಬದಲಿಯಲ್ಲ. ಅಳೆಯಲೇಬೇಕೆಂದರೆ ನಿದ್ದೆ, ಊಟದ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಭೇಟಿಯಲ್ಲಿ ಖಿನ್ನತೆಯ ತೀವ್ರತೆ ಅಳೆಯುವ ಪಿಎಚ್‌ಕ್ಯು-9ರ ಒಂಬತ್ತು ಪ್ರಶ್ನೆ ನಾನು ಕೇಳುತ್ತೇನೆ.

ಗಂಡನನ್ನು ಹೊರಗೆ ಕೂರಿಸಿ, ಸಾಯುವ ಯೋಚನೆ ಬರುತ್ತದೆಯೇ ಎಂದು ಸರೋಜಾ ಅವರನ್ನು ನೇರವಾಗಿ ಕೇಳಿದೆ. ಹಾಗೆ ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. "ಒಂದೊಂದ್ಸಲ ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತೆ" ಎಂದರು, ತಯಾರಿಯೇನೂ ಇರಲಿಲ್ಲ. ಅವರ ಒಪ್ಪಿಗೆ ಪಡೆದು ಗಂಡನಿಗೂ ತಿಳಿಸಿದೆ, ಮನೋವೈದ್ಯರಿಗೂ. ಕಳೆನಾಶಕದ ಕ್ಯಾನು, ತೋಟದ ಔಷಧಿ ಎಲ್ಲಕ್ಕೂ ಬೀಗ ಹಾಕಿ ಕೀಲಿ ನಿಮ್ಮ ಹತ್ತಿರವೇ ಇರಲಿ, ಹೊತ್ತಲ್ಲದ ಹೊತ್ತಿನಲ್ಲಿ ಭಯವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಎಂದೆ.

ಎರಡು ತಿಂಗಳಲ್ಲಿ ನಿದ್ದೆ ಬೆಳಗಿನ ಐದರವರೆಗೆ ಬಂತು, ಒಂಬತ್ತು ಪ್ರಶ್ನೆಯ ಅಂಕ 17ರಿಂದ 8ಕ್ಕಿಳಿಯಿತು (ಇಳಿದಷ್ಟೂ ಒಳ್ಳೆಯದು). ಗಂಡ ಮಾತ್ರ ಗಾಬರಿಯಲ್ಲಿ ಬಂದರು: ನನಗೆ ಹೇಳದೆ ಮಾಡಿಸಿದ ಎರಡನೇ ಪರೀಕ್ಷೆಯಲ್ಲೂ 'ಹೈ'. ಪಕ್ಕದಲ್ಲಿದ್ದ ಸರೋಜಾ, "ನಂಗೆ ಹಸಿವಾಗ್ತಾ ಇದೆಯಲ್ಲ, ಅದನ್ನ ಬರ್ದಿಲ್ವಾ ಅದ್ರಲ್ಲಿ?" ಎಂದರು.

ಮಾತ್ರೆ ಮುಂದುವರಿದಿದೆ. ಹೊಗೆಸೊಪ್ಪು ಬಿಡಿಸುವುದು, ಸುಗ್ಗಿಯ ಕೆಲಸವನ್ನು ಮನೆಯವರೆಲ್ಲ ಹಂಚಿಕೊಳ್ಳುವುದು ಈಗಿನ ಭೇಟಿಗಳ ವಿಷಯ. ಮೂರನೇ ಪರೀಕ್ಷೆಗೆ ದುಡ್ಡು ಹಾಕಬೇಡಿ, ಆ ದುಡ್ಡಿನಲ್ಲಿ ಮುಂದಿನ ಸುಗ್ಗಿಗೂ ಆಳು ಇಟ್ಟುಕೊಳ್ಳಿ ಎಂದು ಹೇಳಿದ್ದೇನೆ.